ಕಂಪ್ಯೂಟರು ಬಂದರೆ ದೇಶದ ದುಡಿಮೆ ಬೆಳೆದೀತೆ?



ಕಬ್ಬಿನ ಹಂಗಾಮಿನಲ್ಲಿ ಒಂದು ರಾತ್ರಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವುದಾದರೊಂದು ಕಾರಖಾನೆಯ ಹಾದಿಯಲ್ಲಿ ಹೋಗಿ ನೋಡಿರಿ. ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ಅವುಗಳ ಮೇಲೆ ಗುಡ್ಡದಂತೆ ಹೇರಿದ ಕಬ್ಬು, ಗೇಟಿನಿಂದ ಹಿಡಿದು ರಸ್ತೆಯುದ್ದಕ್ಕೂ ಪಾಳಿ. ಡ್ರೈವರು ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿರುತ್ತಾನೆ. ನಾಳೆ ಅವನ ಗಾಡಿ ಕಾಟಾದ ಮೇಲೆ ಹತ್ತಿತೆಂದರೆ ತೂಕ ಎಷ್ಟೆಂಬುದು ಕಣ್ಣೆವೆ ಇಕ್ಕುವುದರೊಳಗೆ ಕಂಪ್ಯೂಟರಿನಲ್ಲಿ ಮೂಡುತ್ತದೆ, ಚೀಟಿ ತಾನೇ ಅಚ್ಚಾಗಿ ಹೊರಬೀಳುತ್ತದೆ. ತೂಕಕ್ಕೆ ಒಂದು ಕ್ಷಣ, ಪಾಳಿಗೆ ಇಡೀ ರಾತ್ರಿ! ಈ ಎರಡರ ನಡುವಿನ ಅಂತರವೇ ನಾವಿಂದು ಮಾತಾಡಬೇಕೆಂದಿರುವ ವಿಷಯ.

ಕಬ್ಬಿನ ದರದ ಮಾತು ಬೇರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತದ್ದು, ಟನ್ನಿಗೆ 3500 ರೂಪಾಯಿ ಕೇಳಿದ್ದು, ಕೊನೆಗೆ ಸರಕಾರ 3300 ರೂಪಾಯಿ ಎಂದು ಸಾರಿದ್ದು ನಿಮಗೆ ಗೊತ್ತೇ ಇದೆ. ಅದು ರಾಶಿಯನ್ನು ಯಾರು ಎಷ್ಟು ಹಂಚಿಕೊಳ್ಳಬೇಕೆಂಬ ವಾದ. ಅದೂ ಬೇಕು. ಇಂದಿನ ಪ್ರಶ್ನೆ ಮಾತ್ರ ಕಣದಲ್ಲಿ ರಾಶಿಯೇ ಹೆಚ್ಚುವುದು ಹೇಗೆ ಎಂಬುದು. ದೇಶ ಕಂಪ್ಯೂಟರು, ಮೊಬೈಲು, ತಂತಿ, ಗೋಪುರ ಎಂದು ಕೋಟಿಗಟ್ಟಲೆ ರೊಕ್ಕ ಸುರಿಯುತ್ತಿದೆ. ಅದರಿಂದ ದೇಶದ ದುಡಿಮೆಯ ಫಲ ಹೆಚ್ಚುತ್ತದೆಯೆ?

ದುಡಿಮೆಯ ಫಲ ಎಂದರೇನು, ಮೊದಲು ಅದನ್ನು ತಿಳಿಯೋಣ. ಪಂಡಿತರು ಇದಕ್ಕೆ ಉತ್ಪಾದಕತೆ ಎನ್ನುತ್ತಾರೆ. ಒಬ್ಬ ಮನುಷ್ಯ ಒಂದು ದಿನ ದುಡಿದರೆ ಎಷ್ಟು ಹುಟ್ಟುವಳಿ ಬರುತ್ತದೆ ಎಂಬ ಲೆಕ್ಕ ಅದು. ನಾವು ಸಾಮಾನ್ಯವಾಗಿ ಎಕರೆಗೆ ಎಷ್ಟು ಟನ್ ಎಂದು ಕೇಳುತ್ತೇವೆ. ಎಕರೆಯ ಲೆಕ್ಕ ಭೂಮಿಗೆ ಸಂಬಂಧಿಸಿದ್ದು. ಆಳಿನ ಲೆಕ್ಕ ಹೊಟ್ಟೆಗೆ ಸಂಬಂಧಿಸಿದ್ದು. ಇಂದು ಭಾರತದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 46 ಜನ ಒಕ್ಕಲುತನದಲ್ಲಿದ್ದಾರೆ. ಆದರೆ ದೇಶದ ಒಟ್ಟು ಉತ್ಪನ್ನದ ಬೆಲೆಯಲ್ಲಿ ಒಕ್ಕಲುತನದ ಪಾಲು ನೂರಕ್ಕೆ ಸುಮಾರು 18. ಗುಣಿಸಿ, ಭಾಗಿಸಿ ನೋಡಿರಿ. ಹೊಲದಲ್ಲಿ ಬೆವರು ಸುರಿಸುವವನ ಒಂದು ದಿನದ ಲೆಕ್ಕಕ್ಕೆ ಹತ್ತು ರೂಪಾಯಿ ಬಂದರೆ, ಉಳಿದ ಉದ್ಯೋಗದವನ ಲೆಕ್ಕಕ್ಕೆ ನಲವತ್ತರ ಹತ್ತಿರ ಬರುತ್ತದೆ. ಬೆಳಗಿನಿಂದ ಬೈಗಿನವರೆಗೆ ಬಾಗಿ ದುಡಿಯುವ ನಿಮ್ಮನ್ನು ಯಾರೂ ಸೋಮಾರಿಗಳೆನ್ನಲಾರರು. ನಿಮ್ಮ ದಿನಗಳಲ್ಲಿ ಬಹಳಷ್ಟು ಬರೀ ಕಾಯುವುದರಲ್ಲಿ, ಅಲೆಯುವುದರಲ್ಲಿ, ಮಾಡಿದ್ದನ್ನೇ ಮತ್ತೆ ಮಾಡುವುದರಲ್ಲಿ ಸೋರಿಹೋಗುತ್ತವೆ ಎಂಬುದು ಈ ಅಂತರದ ಒಂದು ಕಾರಣ.

ಈಗ ಕಂಪ್ಯೂಟರಿಗೆ ಬರೋಣ. ಬೆಂಗಳೂರಿನ ಕಂಪನಿಗಳು ಹೊರದೇಶಕ್ಕೆ ಕೆಲಸ ಮಾಡಿಕೊಟ್ಟು ಡಾಲರು ತರುತ್ತವೆ. ಅದು ಕಂಪ್ಯೂಟರಿನ ವಿದ್ಯೆಯನ್ನು ಮಾರುವ ವ್ಯವಹಾರ, ಅದರ ಮಾತು ಇಲ್ಲಿ ಬೇಡ. ಆ ವಿದ್ಯೆಯನ್ನು ಬಳಸುವವರ, ಎಂದರೆ ಗಿರಣಿ, ಬ್ಯಾಂಕು, ಕಚೇರಿ, ಪೇಟೆ, ಹೊಲ ಇವುಗಳ ದುಡಿಮೆ ಏರುತ್ತದೆಯೆ ಎಂಬುದೇ ದೊಡ್ಡ ಪ್ರಶ್ನೆ.

ಅಮೇರಿಕ ದೇಶದವರು ನಮಗಿಂತ ಮೊದಲು ಈ ಪ್ರಶ್ನೆಯಲ್ಲಿ ಸಿಕ್ಕಿಬಿದ್ದರು. ಅಲ್ಲಿ 1960, 1970ರ ದಶಕಗಳಿಂದಲೇ ಕಂಪನಿಗಳು ಕಂಪ್ಯೂಟರು ಕೊಳ್ಳತೊಡಗಿದವು. ಆದರೆ 1973ರಿಂದ 1995ರವರೆಗೆ ಅಲ್ಲಿಯ ದುಡಿಮೆಯ ಫಲ ವರ್ಷಕ್ಕೆ ನೂರಕ್ಕೆ ಸುಮಾರು ಒಂದೂವರೆಯಷ್ಟು ಮಾತ್ರ ಏರುತ್ತಿತ್ತು. ಅದರ ಹಿಂದಿನ ಕಾಲದಲ್ಲಿ ಏರುತ್ತಿದ್ದುದರ ಅರ್ಧದಷ್ಟು ಅದು. 1987ರಲ್ಲಿ ರಾಬರ್ಟ್ ಸೊಲೊ ಎಂಬ ಅರ್ಥಶಾಸ್ತ್ರಜ್ಞರು ಒಂದು ಪತ್ರಿಕೆಯಲ್ಲಿ ಇದನ್ನು ಕುಟುಕಿ ಬರೆದರು. ಕಂಪ್ಯೂಟರು ಎಲ್ಲೆಲ್ಲಿಯೂ ಕಾಣುತ್ತದೆ, ದುಡಿಮೆಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಕಾಣುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಅದೇ ವರ್ಷ ಅವರಿಗೆ ನೊಬೆಲ್ ಬಹುಮಾನ ಬಂತು. ಮಾತು ಮನೆಮಾತಾಯಿತು. ಆಮೇಲೆ 1995ರಿಂದ 2004ರವರೆಗೆ ಅಲ್ಲಿಯ ಏರಿಕೆ ಹೆಚ್ಚುಕಡಿಮೆ ನೂರಕ್ಕೆ ಮೂರಕ್ಕೆ ಮುಟ್ಟಿತು. ಬಳಿಕ ಮತ್ತೆ ಇಳಿಯಿತು.

ಒಂದೂವರೆಗೂ ಮೂರಕ್ಕೂ ಏನು ಮಹಾ ವ್ಯತ್ಯಾಸ ಅಂತೀರಾ? ವರ್ಷಕ್ಕೆ ಮೂರರಂತೆ ಏರಿದರೆ ದುಡಿಮೆಯ ಫಲ 24 ವರ್ಷದಲ್ಲಿ ಎರಡು ಪಟ್ಟಾಗುತ್ತದೆ. ಒಂದೂವರೆಯಂತೆ ಏರಿದರೆ 47 ವರ್ಷ ಬೇಕು. ಮೊದಲನೆಯದರಲ್ಲಿ ನಿಮ್ಮ ಮಗ ಸುಖ ಕಾಣುತ್ತಾನೆ. ಎರಡನೆಯದರಲ್ಲಿ ಮೊಮ್ಮಗನ ಕಾಲ ಬರಬೇಕು.

ಹಾಗಾದರೆ ಅಷ್ಟು ವರ್ಷ ಕಂಪ್ಯೂಟರು ಏನು ಮಾಡುತ್ತಿತ್ತು? ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಗೋಕಾಕ ಫಾಲ್ಸಿಗೆ ಹೋದರೆ ಸಾಕು.

ಘಟಪ್ರಭೆ ಅಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ಆ ನೀರಿನ ಬಲವನ್ನು ಕಂಡೇ 1885ರಲ್ಲಿ ಕಂಪನಿ ಕಟ್ಟಿ ನೂಲಿನ ಗಿರಣಿ ಎಬ್ಬಿಸಿದರು. ಆ ಕಾಲದ ಗಿರಣಿಗಳ ರೀತಿಯನ್ನು ನೆನೆಯಿರಿ. ಬಲ ಹುಟ್ಟುವುದು ಒಂದೇ ಕಡೆ, ನೀರಿನ ಚಕ್ರದಲ್ಲಿಯೋ ಉಗಿಯ ಇಂಜಿನ್ನಿನಲ್ಲಿಯೋ. ಅಲ್ಲಿಂದ ಉದ್ದನೆಯ ಕಬ್ಬಿಣದ ದಂಡ, ಅದಕ್ಕೆ ಗಾಲಿ, ಗಾಲಿಗೆ ಪಟ್ಟಿ, ಪಟ್ಟಿಯಿಂದ ಯಂತ್ರ. ಒಂದು ಯಂತ್ರ ತಿರುಗಬೇಕಾದರೂ ಇಡೀ ದಂಡ ತಿರುಗಬೇಕು. ಯಾವ ಯಂತ್ರ ಎಲ್ಲಿರಬೇಕೆಂಬುದನ್ನು ಆ ದಂಡವೇ ಹೇಳುತ್ತಿತ್ತು, ಕೆಲಸದ ಅನುಕೂಲವನ್ನು ಯಾರೂ ಕೇಳುತ್ತಿರಲಿಲ್ಲ.

1882ರಲ್ಲಿ ಎಡಿಸನ್ನನು ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದ. ಆದರೆ 1900ನೆಯ ಇಸವಿಯ ಹೊತ್ತಿಗೂ ಅಮೇರಿಕದ ಕಾರಖಾನೆಗಳಲ್ಲಿ ವಿದ್ಯುತ್ ಮೋಟಾರಿನ ಪಾಲು ನೂರಕ್ಕೆ ಐದೂ ಇರಲಿಲ್ಲ. ಮೋಟಾರು ಕೊಂಡವರಾದರೂ ಏನು ಮಾಡಿದರು? ಉಗಿ ಇಂಜಿನ್ ತೆಗೆದು ಅದೇ ಜಾಗದಲ್ಲಿ ದೊಡ್ಡದೊಂದು ಮೋಟಾರು ಕೂಡ್ರಿಸಿದರು. ದಂಡ ಅದೇ, ಪಟ್ಟಿ ಅದೇ, ಕಟ್ಟಡ ಅದೇ. ಲಾಭವೂ ಅಷ್ಟಕ್ಕಷ್ಟೆ. ಹಲವು ವರ್ಷ ಕಳೆದ ಮೇಲೆ ಯಾರಿಗೋ ಹೊಳೆಯಿತು, ಒಂದೊಂದು ಯಂತ್ರಕ್ಕೂ ಒಂದೊಂದು ಚಿಕ್ಕ ಮೋಟಾರು ಹಚ್ಚಬಹುದಲ್ಲ ಎಂದು. ಆಗ ದಂಡ ಬೇಡವಾಯಿತು. ಸಾಮಾನು ಯಾವ ಕ್ರಮದಲ್ಲಿ ಸಾಗುತ್ತದೆಯೋ ಆ ಕ್ರಮದಲ್ಲಿ ಯಂತ್ರಗಳನ್ನಿಟ್ಟರು, ಮಹಡಿ ಬಿಟ್ಟು ನೆಲದ ಮೇಲೆ ಅಗಲವಾಗಿ ಹೊಸ ಕಾರಖಾನೆ ಕಟ್ಟಿದರು. 1920ರ ದಶಕದಲ್ಲಿ ದುಡಿಮೆಯ ಫಲ ಜಿಗಿಯಿತು. ವಿದ್ಯುತ್ತು ಬಂದು ನಲವತ್ತು ವರ್ಷದ ಮೇಲೆ! ಪಾಲ್ ಡೇವಿಡ್ ಎಂಬ ವಿದ್ವಾಂಸರು 1990ರಲ್ಲಿ ಈ ಕತೆಯನ್ನು ಎತ್ತಿ ತೋರಿಸಿ, ಕಂಪ್ಯೂಟರಿನದೂ ಇದೇ ದಾರಿ, ಅವಸರ ಮಾಡಬೇಡಿರಿ ಎಂದು ಸೊಲೊ ಅವರ ಒಗಟಿಗೆ ಉತ್ತರ ಕೊಟ್ಟರು.

ಹುಕ್ಕೇರಿಯವರಿಗೆ ಇದು ಬೇರೆ ರೀತಿಯಲ್ಲಿ ಗೊತ್ತು. 1969ರಲ್ಲಿ ಇಡೀ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ಹೊಲಕ್ಕೆ ತಂತಿ ಬಂದ ಹೊಸದರಲ್ಲಿ ಏನಾಗುತ್ತದೆ ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿರಿ. ಎತ್ತು ಹೂಡಿ ನೀರೆತ್ತುತ್ತಿದ್ದ ಬಾವಿಗೆ ಪಂಪು ಕೂಡ್ರಿಸಿ, ಅದೇ ಮಡಿಗೆ ಅಷ್ಟೇ ನೀರು ಹಾಯಿಸಿದವನಿಗೆ ಸಿಕ್ಕದ್ದು ಎತ್ತಿನ ವಿಶ್ರಾಂತಿ ಮಾತ್ರ. ಹೊಲವನ್ನು ಸಮ ಮಾಡಿ, ಕಾಲುವೆ ತಿದ್ದಿ, ಎರಡನೆಯ ಬೆಳೆ ಹಿಡಿದು, ಗೊಬ್ಬರ-ಬೀಜದ ಲೆಕ್ಕ ಬದಲಿಸಿದವನಿಗೆ ಹುಟ್ಟುವಳಿ ಸಿಕ್ಕಿತು. ಪಂಪು ಇಬ್ಬರದೂ ಒಂದೇ.

(ಮಿತಿಯಿಲ್ಲದೆ ಎತ್ತಿ ಬಾವಿಯನ್ನೇ ಒಣಗಿಸಿದವರೂ ಇದ್ದಾರೆ. ಅದನ್ನು ಇನ್ನೊಮ್ಮೆ ಹೇಳಬೇಕು.)

ಈಗ ಕಂಪ್ಯೂಟರೇ ನಮ್ಮ ಬಾಗಿಲಿಗೆ ಬಂದ ಕತೆ. ನಮ್ಮ ಕಡೆ ಉತಾರ ಎನ್ನುತ್ತೇವೆ, ಮೈಸೂರಿನ ಕಡೆ ಪಹಣಿ. ಬೆಳೆಸಾಲಕ್ಕೆ ಉತಾರ, ಜಾಮೀನಿಗೆ ಉತಾರ, ಕೋರ್ಟಿಗೆ ಉತಾರ. 2000ನೆಯ ಇಸವಿಯ ಹಿಂದೆ ಅದನ್ನು ಪಡೆಯುವ ಬಗೆ ಹೇಗಿತ್ತು? ಪುಸ್ತಕ ತಲಾಠಿಯ ಕೈಯಲ್ಲಿ. ಒಬ್ಬ ತಲಾಠಿಗೆ ಮೂರು ನಾಲ್ಕು ಹಳ್ಳಿ. ಇಂದು ಈ ಊರಿನಲ್ಲಿ, ನಾಳೆ ಆ ಊರಿನಲ್ಲಿ, ನಾಡದು ತಾಲೂಕಿನ ಮೀಟಿಂಗಿನಲ್ಲಿ. ಸಿಕ್ಕಿದರೆ "ಪುಸ್ತಕ ಮನೆಯಾಗ ಐತಿ, ಸೋಮವಾರ ಬಾ" ಎನ್ನುವುದು. ಸೋಮವಾರ ಕೈ ಬೆಚ್ಚಗೆ ಮಾಡಿದರೆ ಬರೆದುಕೊಡುವುದು. ಎಲ್ಲರೂ ಹಾಗಿರಲಿಲ್ಲ, ಒಳ್ಳೆಯವರೂ ಇದ್ದರು. ಆದರೆ ಒಳ್ಳೆಯವರಿಗಾಗಿಯೂ ಕಾಯಲೇಬೇಕಾಗಿತ್ತು.

ಕರ್ನಾಟಕ ಸರಕಾರ ಭೂಮಿ ಎಂಬ ಯೋಜನೆ ಹಾಕಿ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ ಆಗಿನ 177 ತಾಲೂಕುಗಳಲ್ಲಿ ಕಿಂಡಿ ತೆರೆದವು. ಮೂಡಲಗಿ ಆಗ ಗೋಕಾಕ ತಾಲೂಕಿನೊಳಗೇ ಇತ್ತು, ಅಲ್ಲಿಯವರು ಗೋಕಾಕಕ್ಕೇ ಬರಬೇಕಾಗಿತ್ತು. 15 ರೂಪಾಯಿ ಕೊಟ್ಟರೆ ನಿಂತಲ್ಲಿಯೇ ಅಚ್ಚಾದ ಉತಾರ.

ಆದರೆ ಕೇಳಿರಿ, ಗುಟ್ಟು ಇರುವುದು ಯಂತ್ರದಲ್ಲಲ್ಲ. ಕಂಪ್ಯೂಟರುಗಳನ್ನು ಕೊಂಡು ಕಚೇರಿಯಲ್ಲಿಟ್ಟು, ಹಳೆಯ ಪುಸ್ತಕವನ್ನೂ ಅದರ ಜೊತೆಗೆ ನಡೆಸಿದ್ದರೆ ಏನಾಗುತ್ತಿತ್ತು? ತಲಾಠಿ ಕೈಯಿಂದ ಬರೆಯುವುದೂ ನಡೆಯುತ್ತಿತ್ತು, ಗುಮಾಸ್ತ ಅದನ್ನು ನೋಡಿ ಕಂಪ್ಯೂಟರಿನಲ್ಲಿ ಹೊಡೆಯುವುದೂ ನಡೆಯುತ್ತಿತ್ತು. ಕೆಲಸ ಎರಡು ಪಟ್ಟು, ಫಲ ಮೊದಲಿನಷ್ಟೇ. ಹಾಗೆ ಆಗಗೊಡಲಿಲ್ಲ. ಯಾವ ತಾಲೂಕಿನಲ್ಲಿ ಕಿಂಡಿ ತೆರೆಯಿತೋ ಆ ತಾಲೂಕಿನಲ್ಲಿ ಕೈಬರಹದ ಉತಾರ ಇನ್ನು ನಡೆಯದು ಎಂದು ಸರಕಾರ ಸಾರಿತು. ಎರಡನೆಯ ಕಟ್ಟಳೆ ಇನ್ನೂ ಮೇಲಿನದು. ಖಾತೆ ಬದಲಾವಣೆಯ ಅರ್ಜಿ ಮೊದಲು ಬಂದದ್ದು ಮೊದಲು, ನಡುವೆ ಹಾರಿ ಮುಂದಿನದಕ್ಕೆ ಹೋಗಲು ಕಂಪ್ಯೂಟರು ಬಿಡುವುದಿಲ್ಲ. ದಾಖಲೆ ತಿದ್ದುವ ನೌಕರ ತನ್ನ ಬೆರಳಿನ ಗುರುತು ಒತ್ತಿಯೇ ಒಳಗೆ ಹೋಗಬೇಕು. ತಿದ್ದಿದವರಾರೆಂಬುದು ಉಳಿಯುತ್ತದೆ. ಅಂದರೆ ಕಚೇರಿಯ ರೂಢಿಯನ್ನೇ ಮುರಿದು ಕಟ್ಟಿದರು. ಗಿರಣಿಯ ದಂಡವನ್ನು ಕಿತ್ತು ಹಾಕಿದಂತೆ.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯವರು 2002ರಲ್ಲಿ ರೈತರನ್ನೇ ಕೇಳಿ ನೋಡಿದರು. ಹಳೆಯ ಪದ್ಧತಿಯಲ್ಲಿ ಉತಾರ ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಲಂಚ ಕೊಟ್ಟಿದ್ದೆವು ಎಂದರು. ಕಿಂಡಿಯಲ್ಲಿ ಪಡೆದವರಲ್ಲಿ ಹಾಗೆಂದವರು ನೂರಕ್ಕೆ ಮೂರು ಜನ.

ಇದರಿಂದ ದೇಶದ ದುಡಿಮೆ ಹೇಗೆ ಏರಿತು ಎಂದು ಕೇಳುವಿರಿ. ಒಂದು ಸುಮ್ಮನೆ ಲೆಕ್ಕ ಹಾಕಿ ನೋಡೋಣ. ಒಬ್ಬ ರೈತನಿಗೆ ವರ್ಷಕ್ಕೆ ಎರಡು ದಿನದ ಅಲೆದಾಟ ಉಳಿಯಿತೆನ್ನಿ. 67 ಲಕ್ಷ ರೈತರಿಗೆ 1 ಕೋಟಿ 34 ಲಕ್ಷ ದಿನ ಉಳಿದಂತಾಯಿತು. ಆ ದಿನಗಳಲ್ಲಿ ಕಳೆ ತೆಗೆದರೆ, ಬದು ಹಾಕಿದರೆ, ಎಮ್ಮೆ ಕಟ್ಟಿದರೆ ಅದು ಹುಟ್ಟುವಳಿ. ಚಹಾದ ಅಂಗಡಿಯಲ್ಲಿ ಕೂತು ಇಸ್ಪೀಟು ಆಡಿದರೆ ದೇಶಕ್ಕೆ ಏನೂ ಬರಲಿಲ್ಲ! ಉಳಿದ ಹೊತ್ತನ್ನು ಏನು ಮಾಡಬೇಕೆಂದು ಯಾವ ಕಂಪ್ಯೂಟರೂ ಹೇಳಿಕೊಡುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಲಾಠಿಗಾಗಿ ಕಾದ ದಿನ ದೇಶದ ಲೆಕ್ಕದ ಪುಸ್ತಕದಲ್ಲಿ ಎಂದೂ ನಷ್ಟ ಎಂದು ಬರೆದಿರಲಿಲ್ಲ. ಹಾಗಾಗಿ ಅದು ತಪ್ಪಿದಾಗ ಲಾಭವೆಂದೂ ಬರೆಯುವುದಿಲ್ಲ. ಸೊಲೊ ಅವರ ಕಣ್ಣಿಗೆ ಕಂಪ್ಯೂಟರು ಪುಸ್ತಕದಲ್ಲಿ ಕಾಣದಿರಲು ಇದೂ ಒಂದು ಕಾರಣವೆಂದು ತಿಳಿದವರು ಹೇಳುತ್ತಾರೆ. ನಿಮ್ಮ ಕಾಲಿಗೆ ತಿಳಿದಿರುವ ಲಾಭ ಲೆಕ್ಕಿಗನಿಗೆ ತಿಳಿಯದಿರಬಹುದು.

ಭೂಮಿಯೂ ಎಲ್ಲವನ್ನೂ ಸರಿಮಾಡಿತೆಂದು ನಾನು ಹೇಳುವುದಿಲ್ಲ. ಹಳೆಯ ಪುಸ್ತಕದಲ್ಲಿ ತಪ್ಪಿದ್ದ ಹೆಸರು ಕಂಪ್ಯೂಟರಿನಲ್ಲಿಯೂ ತಪ್ಪಾಗಿಯೇ ಕೂತಿತು, ಈಗ ಅಚ್ಚಿನ ಅಕ್ಷರದ ಗತ್ತಿನೊಂದಿಗೆ. ಅಜ್ಜನ ಹೆಸರಿನಲ್ಲಿಯೇ ಉಳಿದ ಹೊಲ, ಪೋಡಿಯಾಗದ ಸರ್ವೆ ನಂಬರು, ಅಣ್ಣತಮ್ಮಂದಿರ ವಾಟ್ನಿಯ ಜಗಳ ಇವು ಹಾಗೆಯೇ ಇವೆ. ಅಳತೆಯವರು ಹೊಲಕ್ಕೆ ಬರಬೇಕು, ಹಿರಿಯರು ಕೂತು ಮಾತಾಡಬೇಕು. ಯಂತ್ರಕ್ಕೆ ಒಡೆದ ಮನೆ ಕೂಡಿಸಲು ಬರುವುದಿಲ್ಲ.

ಪೇಟೆಯ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 2014ರಿಂದ ಕರ್ನಾಟಕದ ಪೇಟೆಗಳನ್ನು ಒಂದರ ಹಿಂದೊಂದು ಕಂಪ್ಯೂಟರಿನ ಜಾಲಕ್ಕೆ ಹೊಂದಿಸಿ ಏಕೀಕೃತ ಮಾರುಕಟ್ಟೆ ಮಾಡಿದರು. ಅಡತಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂಗುವ ಬದಲು ಯಾವ ಊರಿನ ವ್ಯಾಪಾರಿಯಾದರೂ ತನ್ನ ಬೆಲೆಯನ್ನು ಕಂಪ್ಯೂಟರಿನಲ್ಲಿ ಹಾಕಬಹುದು. ಅಮೇರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪರೀಕ್ಷಿಸಿ 2020ರಲ್ಲಿ ಬರೆದರು. ಭತ್ತದ ಬೆಲೆ ನೂರಕ್ಕೆ 5.1ರಷ್ಟು, ಶೇಂಗಾ 3.6, ಗೋವಿನಜೋಳ 3.5 ಏರಿದ್ದು ಕಂಡಿತು. ಎಲ್ಲ ಮಾಲಿಗೂ ಹೀಗಾಗಲಿಲ್ಲ. ಮಾಲಿನ ಗುಣ ಅಳೆದು ಬರೆಯುವ ವ್ಯವಸ್ಥೆ ಇದೆಯೋ ಇಲ್ಲವೋ, ಗೆದ್ದ ವ್ಯಾಪಾರಿಗೆ ಮಾಲನ್ನು ಒಯ್ಯುವ ಸೌಕರ್ಯ ಇದೆಯೋ ಇಲ್ಲವೋ, ಒಂದೊಂದು ಪೇಟೆಯಲ್ಲಿ ಎಷ್ಟು ಕೊಳ್ಳುವವರು, ಇವುಗಳ ಮೇಲೆ ಫಲ ನಿಂತಿತ್ತು. ದೂರದ ವ್ಯಾಪಾರಿ ಕಾಣದ ಮಾಲಿಗೆ ಹೇಗೆ ಬೆಲೆ ಹಾಕಿಯಾನು? ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡುವ ಸಂಕೇಶ್ವರದ ಮೆಣಸಿನಕಾಯಿಯಂಥ ಮಾಲಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆಂದು ನನ್ನ ಎಣಿಕೆ.

ಇನ್ನು ಮೊದಲಿನ ಕಬ್ಬಿನ ಪಾಳಿಗೆ ತಿರುಗಿ ಬರೋಣ. ಕಡಿದ ಕಬ್ಬನ್ನು 24 ತಾಸಿನೊಳಗೆ ನುರಿಸಬೇಕೆಂಬುದು ಎಲ್ಲರೂ ಬಲ್ಲ ಮಾತು. ತಡವಾದಷ್ಟೂ ನೀರು ಆರಿ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯ ಅಂಶವೂ ಒಡೆಯುತ್ತದೆ. ತೂಕ ಇಳಿದರೆ ನಷ್ಟ ನಿಮಗೆ, ಸಕ್ಕರೆ ಇಳಿದರೆ ಕಾರಖಾನೆಗೆ, ಟ್ರ್ಯಾಕ್ಟರು ನಿಂತರೆ ಅದರ ಮಾಲಕನಿಗೆ, ಗ್ಯಾಂಗಿನವರು ಖಾಲಿ ಗಾಡಿಗಾಗಿ ಕೂತರೆ ಅವರ ಮಕ್ಕಳಿಗೆ. ಇವೆಲ್ಲ ಕೂಡಿದರೆ ದೇಶಕ್ಕೆ. ಕಾಟಾದ ಕಂಪ್ಯೂಟರು ತೂಕವನ್ನು ಒಂದು ಕ್ಷಣದಲ್ಲಿ ಹೇಳಿದರೂ ಇದರಲ್ಲಿ ಒಂದು ಕಾಸೂ ಉಳಿಯಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಯಾರ ಕಬ್ಬು ಯಾವ ತಿಂಗಳು ನಾಟಿಯಾದದ್ದು, ಯಾವ ತಳಿ, ಯಾವ ಊರು, ಇವತ್ತು ಗಾಣ ಎಷ್ಟು ನುರಿಸಬಲ್ಲದು ಎಂಬುದೆಲ್ಲ ಇದೆ. ಅಷ್ಟನ್ನು ನೋಡಿ, ಗೇಟಿನ ಮುಂದೆ ಗಾಡಿ ಬಂದು ನಿಲ್ಲುವ ಮೊದಲೇ, ಹೊಲದಲ್ಲಿ ಕುಡುಗೋಲು ಹಾಕುವ ಮೊದಲೇ ಪಾಳಿ ಕೊಟ್ಟರೆ? ರಾತ್ರಿ ಕಾಯುವ ಟ್ರ್ಯಾಕ್ಟರು ಅದೇ ಹೊತ್ತಿನಲ್ಲಿ ಇನ್ನೊಂದು ಖೇಪು ಹೊಡೆಯುತ್ತದೆ. ಯಂತ್ರಕ್ಕೆ ಹೊಸದಾಗಿ ಒಂದು ರೂಪಾಯಿಯನ್ನೂ ಹಾಕಬೇಕಿಲ್ಲ. ಆದರೆ ಹಾಗೆ ಮಾಡಿದರೆ ಪರಿಚಯದವರ ಕಬ್ಬನ್ನು ಮುಂದೆ ಬಿಡಿಸುವ ಅಧಿಕಾರ ಕೆಲವರ ಕೈಯಿಂದ ಜಾರುತ್ತದೆ. ಕಷ್ಟವಿರುವುದು ಅಲ್ಲಿಯೇ. ಯಂತ್ರ ಕೊಳ್ಳಲು ಎಲ್ಲರೂ ಸಿದ್ಧ, ಅಧಿಕಾರ ಬಿಡಲು ಯಾರೂ ಸಿದ್ಧರಿಲ್ಲ.

"ಅದೆಲ್ಲಾ ದೊಡ್ಡವರ ಮಾತಾತು, ನಮ್ಮ ಕೈಯಾಗ ಏನೈತ್ರಿ?" ಎಂದು ನೀವು ಕೇಳಬಹುದು. ನಿಮ್ಮ ಕೈಯಲ್ಲಿರುವುದು ನಿಮ್ಮೂರ ಪಿಕೆಪಿಎಸ್ ಸೊಸಾಯಿಟಿ. 2022ರ ಜೂನಿನಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರು ಹಾಕಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಮ್ಮ ಸಂಘಕ್ಕೂ ಯಂತ್ರ ಬಂದಿರಬಹುದು, ಇಲ್ಲವೆ ಬರಬಹುದು. ನೀವು ಅಲ್ಲಿ ಶೇರುದಾರರು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ನಿಮಗಿದೆ. ಯಂತ್ರಕ್ಕೆ ಎಷ್ಟು ಖರ್ಚಾಯಿತು ಎಂದು ಎಲ್ಲರೂ ಕೇಳುತ್ತಾರೆ. ನೀವು ಬೇರೆಯದನ್ನು ಕೇಳಿರಿ. ಕಂಪ್ಯೂಟರು ಸುರುವಾದ ದಿನ ಯಾವ ಪುಸ್ತಕವನ್ನು ಮುಚ್ಚಿದಿರಿ? ಬೆಳೆಸಾಲಕ್ಕೆ ಮೊದಲು ಎಷ್ಟು ಸಲ ಬರಬೇಕಾಗಿತ್ತು, ಈಗ ಎಷ್ಟು ಸಲ? ಗೊಬ್ಬರ ಬಂದದ್ದು ಬೋರ್ಡಿಗೆ ಹತ್ತುವ ಮೊದಲು ಯಾರಿಗೆ ತಿಳಿಯುತ್ತದೆ? ಕಾರ್ಯದರ್ಶಿಯವರ ಮೇಲೆ ಸಿಟ್ಟು ಮಾಡಬೇಡಿರಿ, ಪುಸ್ತಕವನ್ನೂ ಕಂಪ್ಯೂಟರನ್ನೂ ಎರಡನ್ನೂ ತುಂಬಿ ಸೋತವರಲ್ಲಿ ಮೊದಲಿಗರು ಅವರೇ. ಮೇಲಿನಿಂದ ಎರಡೂ ಬೇಕೆಂದು ಆಜ್ಞೆ ಬಂದಿದ್ದರೆ, ಒಂದನ್ನು ಬಿಡಲು ಒಪ್ಪಿಗೆ ಕೇಳುವ ಠರಾವು ಮಾಡಿಸಿರಿ.

ಮತ್ತೊಂದು ಚಿಕ್ಕ ಕೆಲಸ. ಈ ಹಂಗಾಮಿನಲ್ಲಿ ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿರಿ. ಕಬ್ಬಿಗೆ ಕುಡುಗೋಲು ಬಿದ್ದ ತಾರೀಖು ಮತ್ತು ಹೊತ್ತು, ಗಾಡಿ ತುಂಬಿದ ಹೊತ್ತು, ಕಾಟಾ ಹತ್ತಿದ ಹೊತ್ತು, ಖಾಲಿಯಾಗಿ ತಿರುಗಿ ಬಂದ ಹೊತ್ತು. ಓದಲು ಬರುವ ಹುಡುಗ ಹುಡುಗಿಯರಿಗೆ ಈ ಕೆಲಸ ಒಪ್ಪಿಸಿರಿ, ಅವರು ಮೊಬೈಲಿನಲ್ಲಿಯೇ ಬರೆದಿಟ್ಟಾರು. ಹತ್ತು ಮನೆಯವರು ಹೀಗೆ ಬರೆದರೆ ಒಂದು ಊರಿನ ಲೆಕ್ಕ ಸಿಗುತ್ತದೆ. ಮುಂದಿನ ಹಂಗಾಮಿನ ಮೊದಲು ಕಾರಖಾನೆಯವರೊಂದಿಗೆ ಮಾತಿಗೆ ಕೂಡ್ರುವಾಗ ಆ ಕಾಗದ ನಿಮ್ಮ ಕೈಯಲ್ಲಿರಲಿ.